ನಿವೃತ್ತ ಸೈನಿಕರಿರುವ ಮನೆಯಲ್ಲಿ ಕೃತಜ್ಞತೆಯ ರೂಢಿ: ಹಂತ ಹಂತದ ಮಾರ್ಗದರ್ಶಿ

ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ತಂದೆಯೋ ಮಾವನೋ ಅಣ್ಣನೋ ಸೇನೆಯಿಂದ ನಿವೃತ್ತರಾಗಿ ಮನೆಗೆ ಬಂದಿದ್ದಾರೆ. ಅವರ ಸೇವೆಯ ಬಗ್ಗೆ ಎಲ್ಲರಿಗೂ ಅಭಿಮಾನವಿದೆ, ಅವರಿಲ್ಲದಷ್ಟು ವರ್ಷವೂ ಮನೆಯನ್ನು ಒಬ್ಬಳೇ ನಡೆಸಿದ ತಾಯಿಯ ಬಗ್ಗೆ ಗೌರವವಿದೆ. ಅದನ್ನು ತಿಳಿಸುವುದು ಹೇಗೆಂದು ಮಾತ್ರ ತೋಚುವುದಿಲ್ಲ. ಹೆತ್ತವರೆದುರು ನಿಂತು ಧನ್ಯವಾದ ಹೇಳುವ ವಾಡಿಕೆ ನಮ್ಮ ಮನೆಗಳಲ್ಲಿಲ್ಲ. ಹೇಳಹೊರಟರೆ ಹೇಳುವವರಿಗೂ ಕೇಳುವವರಿಗೂ ಸಂಕೋಚ. ಹಾಗೆಂದು ಸುಮ್ಮನಿದ್ದರೆ ವರ್ಷಗಳು ಕಳೆದುಹೋಗುತ್ತವೆ. ಈ ಸಂಕೋಚವನ್ನು ದಾಟಲು ಮಾಡಬಹುದಾದ ಕೆಲಸಗಳನ್ನು ಕೆಳಗೆ ಕ್ರಮವಾಗಿ ಕೊಟ್ಟಿದ್ದೇನೆ. ಮೊದಲ ಎರಡು ಹಂತಗಳು ಯಾವ ಮನೆಗಾದರೂ ಹೊಂದುತ್ತವೆ, ಉಳಿದವು ಸೈನಿಕ ಕುಟುಂಬಗಳಿಗೂ ಅವರ ನೆರೆಹೊರೆಯವರಿಗೂ ಸಂಬಂಧಿಸಿದವು.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ಒಂದು ನೋಟ್‌ಪುಸ್ತಕ, ಧ್ವನಿ ಮುದ್ರಿಸಬಲ್ಲ ಮೊಬೈಲ್, ದಾಖಲೆಗಳನ್ನಿಡಲು ಒಂದು ಫೈಲ್ ಮತ್ತು ವಾರಕ್ಕೆ ಅರ್ಧ ಗಂಟೆ ಬಿಡುವು ಸಾಕು. 2022ರಲ್ಲಿ ಆರಂಭವಾದ ಅಗ್ನಿಪಥ ಎಂಬ ಸೇನಾ ಭರ್ತಿ ಯೋಜನೆಯಲ್ಲಿ ನಾಲ್ಕು ವರ್ಷ ಸೇವೆ ಸಲ್ಲಿಸಿ ಮರಳುವ ಅಗ್ನಿವೀರರಿಗೆ ಪಿಂಚಣಿ ಇಲ್ಲ, ನಿಯಮದ ಪ್ರಕಾರ ಮಾಜಿ ಸೈನಿಕರ ಸೌಲಭ್ಯಗಳೂ ಇಲ್ಲ. ಆದುದರಿಂದ ಪಿಂಚಣಿಯ ಕಾಗದಪತ್ರಗಳ ಕುರಿತ ಐದನೆಯ ಹಂತ ಅವರಿಗೆ ಅನ್ವಯಿಸುವುದಿಲ್ಲ. ಉಳಿದ ಎಲ್ಲ ಹಂತಗಳಲ್ಲಿ ಅವರನ್ನು ಬೇರೆಯಾಗಿ ಕಾಣಲು ಯಾವ ಕಾರಣವೂ ಇಲ್ಲ.

ಹಂತ 1: ಒಂದು ವಾರ ಬರೀ ಗಮನಿಸಿ

ಮನೆಯಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆಂಬುದನ್ನು ಒಂದು ವಾರ ಬರೆದಿಡಿ. ಹಾಲು ಕಾಯಿಸಿದವರು, ನೀರಿನ ಮೋಟರ್ ಹಾಕಿದವರು, ಗ್ಯಾಸ್ ಬುಕ್ ಮಾಡಿದವರು, ಅಜ್ಜಿಗೆ ಮಾತ್ರೆ ಕೊಟ್ಟವರು, ಮಗುವಿನ ಶಾಲೆಯ ಡೈರಿಗೆ ಸಹಿ ಹಾಕಿದವರು, ಹೀಗೆ. ದೊಡ್ಡ ಕೆಲಸಗಳು ಹೇಗೂ ನೆನಪಿರುತ್ತವೆ, ನಮ್ಮ ಕಣ್ಣಿಗೆ ಬೀಳದಿರುವುದು ಇಂಥವೇ.

ಭಾರತದ ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸುತ್ತಿದ್ದರೆ, ಅಂಥ ಕೆಲಸ ಮಾಡುವ ಪುರುಷರು 97 ನಿಮಿಷ ವ್ಯಯಿಸುತ್ತಿದ್ದರು ಎಂದು ಕಂಡುಬಂತು. ಗಂಡ ಗಡಿಯಲ್ಲಿದ್ದ ಮನೆಯಲ್ಲಿ ಈ ಎರಡನೆಯ ಅಂಕಿಯ ಕೆಲಸವನ್ನು ಮಾಡಿದವರು ಯಾರೆಂದು ಯೋಚಿಸಿದರೆ, ನಿಮ್ಮ ಪಟ್ಟಿಯಲ್ಲಿ ಯಾರ ಹೆಸರು ಹೆಚ್ಚು ಬರಬಹುದೆಂಬುದು ಬರೆಯುವ ಮೊದಲೇ ತಿಳಿಯುತ್ತದೆ.

ಎಚ್ಚರಿಕೆ: ಈ ಪಟ್ಟಿಯನ್ನು ಯಾರೆದುರೂ ಓದಿ ಹೇಳಬೇಡಿ. ‘ನೋಡು, ನೀನು ಏನೂ ಮಾಡುತ್ತಿಲ್ಲ’ ಎಂದು ತಮ್ಮನನ್ನೋ ತಂಗಿಯನ್ನೋ ಆಕ್ಷೇಪಿಸಲು ಅದನ್ನು ಬಳಸಿದರೆ ಅಲ್ಲಿಗೆ ಜಗಳ ಆರಂಭವಾಗುತ್ತದೆ, ಉಳಿದ ಹಂತಗಳು ನಡೆಯುವುದಿಲ್ಲ.

ಹಂತ 2: ವಾರಕ್ಕೊಮ್ಮೆ ಬರೆಯಿರಿ, ಬರೆದುದರಲ್ಲಿ ಒಂದನ್ನು ಹೇಳಿ

ಅಮೆರಿಕದ ಮನಃಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲೋ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತಾವು ಋಣಿಯಾಗಿರುವ ಐದರವರೆಗಿನ ವಿಷಯಗಳನ್ನು ವಾರಕ್ಕೊಮ್ಮೆ ಬರೆದವರು, ತಮ್ಮ ಕಿರಿಕಿರಿಗಳನ್ನು ಪಟ್ಟಿ ಮಾಡಿದವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ತೋರಿದರು. ಇದರಿಂದ ಸಕಲ ಕಷ್ಟಗಳೂ ಪರಿಹಾರವಾಗುತ್ತವೆಂದು ನಾನು ಹೇಳಲಾರೆ. ಆದರೆ ಖರ್ಚಿಲ್ಲದ ಈ ಅಭ್ಯಾಸವನ್ನು ಮಾಡಿನೋಡುವುದರಲ್ಲಿ ನಷ್ಟವಿಲ್ಲ.

ಭಾನುವಾರ ಸಂಜೆಯೋ ನಿಮಗೆ ಅನುಕೂಲವಾದ ಇನ್ನಾವ ಹೊತ್ತಿನಲ್ಲೋ ಕುಳಿತು, ಮನೆಯವರು ನಿಮಗಾಗಿ ಮಾಡಿದ ಮೂರರಿಂದ ಐದು ಸಂಗತಿಗಳನ್ನು ಬರೆಯಿರಿ. ‘ಅಮ್ಮ ತುಂಬಾ ಒಳ್ಳೆಯವಳು’ ಎಂಬಂಥ ಸಾಮಾನ್ಯ ಮಾತು ಬೇಡ. ಏನು ಮಾಡಿದಳು, ಯಾವಾಗ ಮಾಡಿದಳು, ಅದಕ್ಕಾಗಿ ಏನು ಬಿಟ್ಟುಕೊಟ್ಟಳು ಎಂಬ ಮೂರೂ ಇರಬೇಕು. ಬಳಿಕ ಅವುಗಳಲ್ಲಿ ಒಂದನ್ನಷ್ಟೇ ಆ ವಾರ ಬಾಯಿಮಾತಿನಲ್ಲಿ ಹೇಳಿ. ಮಾದರಿಗೆ: ‘ಅಮ್ಮಾ, ನನ್ನ ಹಾಸ್ಟೆಲ್ ಫೀಸಿಗೆ ನೀನು ಮಹಿಳಾ ಸಂಘದಲ್ಲಿ ಸಾಲ ತೆಗೆದಿದ್ದೆಯಂತೆ, ಅಪ್ಪನಿಗೂ ಹೇಳದೆ ತೀರಿಸಿದೆಯಂತೆ. ಚಿಕ್ಕಮ್ಮ ಹೇಳಿದ ಮೇಲೇ ನನಗೆ ಗೊತ್ತಾಯಿತು.’ ಇಷ್ಟು ಹೇಳಿದರೆ ಸಾಕು, ಕೊನೆಗೆ ಧನ್ಯವಾದದ ಮಾತು ಸೇರಿಸಲೇಬೇಕೆಂದಿಲ್ಲ. ಅಡುಗೆಮನೆಯಲ್ಲಿ ಜೊತೆಗೆ ಕೆಲಸ ಮಾಡುತ್ತಿರುವಾಗಲೋ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಾಗಲೋ, ಅಂದರೆ ಮುಖಕ್ಕೆ ಮುಖ ಕೊಡದ ಸಂದರ್ಭದಲ್ಲಿ, ಇಂಥ ಮಾತು ಸುಲಭವಾಗುತ್ತದೆ.

ಕೇಳುವವರಿಗೆ ಮುಜುಗರವಾದೀತೆಂಬ ಅಳುಕು ನಿಮಗಿದ್ದರೆ ಇನ್ನೊಂದು ಅಧ್ಯಯನವನ್ನು ನೆನಪಿಸುತ್ತೇನೆ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೃತಜ್ಞತಾ ಪತ್ರ ಬರೆದವರು ಪಡೆಯುವವರ ಮುಜುಗರವನ್ನು ಇರುವುದಕ್ಕಿಂತ ಹೆಚ್ಚೆಂದು ಊಹಿಸಿದ್ದರು, ಸಂತೋಷವನ್ನು ಕಡಿಮೆಯೆಂದು ಊಹಿಸಿದ್ದರು.

ಎಚ್ಚರಿಕೆ: ತ್ಯಾಗವನ್ನು ಹೊಗಳಿ ಅದೇ ತ್ಯಾಗವನ್ನು ಮುಂದುವರಿಸಲು ಬಿಡುವುದು ಬಹಳ ಸಾಮಾನ್ಯವಾದ ತಪ್ಪು. ಅಮ್ಮ ಐದಕ್ಕೇ ಏಳುತ್ತಾಳೆಂದು ಮೆಚ್ಚಿಕೊಂಡವರು ವಾರಕ್ಕೆ ಎರಡು ದಿನವಾದರೂ ತಾವೇ ಐದಕ್ಕೆ ಎದ್ದು ಒಲೆ ಹೊತ್ತಿಸಬೇಕು. ಹಾಗೆ ಮಾಡದವರ ಹೊಗಳಿಕೆಯನ್ನು ಅಮ್ಮಂದಿರು ಬಹುಬೇಗ ಗುರುತಿಸುತ್ತಾರೆ.

ಹಂತ 3: ನಿವೃತ್ತಿಯ ಮೊದಲ ವರ್ಷವನ್ನು ಜೋಪಾನವಾಗಿ ನಡೆಸಿ

ಸೇನೆಯ ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ರಜೆ ಪೂರ್ತಿ ಸಿಕ್ಕಿದ ವರ್ಷದಲ್ಲೂ ಅವರು ಮನೆಯಲ್ಲಿದ್ದುದು ಮೂರು ತಿಂಗಳು ಮಾತ್ರ. ಪೀಸ್ ಪೋಸ್ಟಿಂಗ್‌ನಲ್ಲಿ, ಅಂದರೆ ಕುಟುಂಬವನ್ನು ಜೊತೆಗಿಟ್ಟುಕೊಳ್ಳಬಹುದಾದ ಶಾಂತ ಪ್ರದೇಶದ ನೇಮಕದಲ್ಲಿ, ಕ್ವಾರ್ಟರ್ಸ್ ಸಿಕ್ಕರೆ ಒಟ್ಟಿಗಿರಬಹುದು. ಫೀಲ್ಡ್ ಪೋಸ್ಟಿಂಗ್ ಎಂಬ ಗಡಿಭಾಗದ ನೇಮಕದಲ್ಲಿ ಅದೂ ಇಲ್ಲ. ಹದಿನೈದು ಇಪ್ಪತ್ತು ವರ್ಷ ಹೀಗೆ ಕಳೆದು, ನಲವತ್ತರ ಆಸುಪಾಸಿನಲ್ಲಿ ಅವರು ಮನೆಗೆ ಮರಳುವ ಹೊತ್ತಿಗೆ ಮಕ್ಕಳ ಶಾಲೆ, ಹೊಲದ ಪಾಲು, ಬ್ಯಾಂಕಿನ ವ್ಯವಹಾರ, ನೆಂಟರ ಮದುವೆಯ ಮುಯ್ಯಿ ಎಲ್ಲವೂ ಹೆಂಡತಿಯ ಲೆಕ್ಕದಲ್ಲಿರುತ್ತವೆ.

ಹಳ್ಳಿಗಳಲ್ಲಿ ಮೊದಲ ದಿನ ತೆರೆದ ವಾಹನದಲ್ಲಿ ಮೆರವಣಿಗೆ, ಹಾರ, ಶಾಲು, ಪೇಟ ಎಲ್ಲವೂ ನಡೆಯುತ್ತವೆ. ಅದು ಒಳ್ಳೆಯದೇ. ಮರುವಾರದಿಂದ ಅವರಿಗೆ ಮನೆಯಲ್ಲಿ ಏನು ಕೆಲಸವೆಂದು ಮಾತ್ರ ಯಾರೂ ಯೋಚಿಸಿರುವುದಿಲ್ಲ. ಆದುದರಿಂದ ಮೊದಲ ತಿಂಗಳೇ ಗಂಡ ಹೆಂಡಿರಿಬ್ಬರೂ ಕುಳಿತು, ಯಾವ ಜವಾಬ್ದಾರಿ ಯಾರದೆಂದು ಮಾತಾಡಿಕೊಳ್ಳಲು ಮಕ್ಕಳು ಅನುವು ಮಾಡಿಕೊಡಬೇಕು. ಹಣಕಾಸಿನ ಯಜಮಾನಿಕೆಯನ್ನು ಒಮ್ಮೆಲೇ ಅಪ್ಪನ ಕೈಗೆ ವರ್ಗಾಯಿಸುವುದು ಇಷ್ಟು ವರ್ಷ ನಿಭಾಯಿಸಿದ ಅಮ್ಮನಿಗೆ ಮಾಡುವ ಅವಮಾನ. ಅಪ್ಪನಿಗೆ ಯಾವ ನಿರ್ಧಾರದಲ್ಲೂ ಪಾಲು ಕೊಡದಿರುವುದು ಅವರನ್ನು ಇನ್ನೂ ರಜೆಯ ಮೇಲೆ ಬಂದವರಂತೆ ನಡೆಸಿಕೊಂಡ ಹಾಗೆ. ಒಂದೆರಡು ಸ್ಪಷ್ಟ ಕೆಲಸಗಳನ್ನು ಪೂರ್ತಿಯಾಗಿ ಅವರಿಗೆ ಬಿಟ್ಟುಕೊಡಿ. ಸಮಯಪಾಲನೆ ಅವರಿಗೆ ರಕ್ತಗತವಾಗಿರುವುದರಿಂದ ಮಕ್ಕಳನ್ನು ಶಾಲೆಗೆ ಬಿಡುವುದು, ತೋಟಕ್ಕೆ ನೀರಿನ ಸರದಿ ನೋಡುವುದು ಮೊದಲಾದವು ಹೊಂದುತ್ತವೆ.

ಎಚ್ಚರಿಕೆ: ‘ಇದೇನು ಮಿಲಿಟರಿಯಾ?’ ಎಂಬ ಮಾತನ್ನು ಮನೆಯಲ್ಲಿ ಎಲ್ಲರೂ ಸಲೀಸಾಗಿ ಆಡುತ್ತಾರೆ. ಒಮ್ಮೆ ತಮಾಷೆ, ಹತ್ತನೆಯ ಸಲ ಅದು ಚುಚ್ಚುತ್ತದೆ. ಅಪ್ಪನ ಶಿಸ್ತು ಅತಿಯಾಯಿತೆನಿಸಿದರೆ ಯಾವ ವಿಷಯದಲ್ಲಿ ಅತಿಯಾಯಿತೆಂದು ನೇರವಾಗಿ ಹೇಳಿ, ಅವರ ಇಡೀ ವೃತ್ತಿಯನ್ನು ಅದಕ್ಕೆ ಎಳೆಯಬೇಡಿ.

ಹಂತ 4: ಸೇವೆಯ ಕಥೆಯನ್ನು ಕೇಳಿ, ದಾಖಲಿಸಿ

ತಂದೆ ಎಲ್ಲೆಲ್ಲಿ ಕೆಲಸ ಮಾಡಿದರೆಂದು ಸೈನಿಕರ ಮಕ್ಕಳನ್ನು ಕೇಳಿದರೆ ಬಹುಮಂದಿ ಎರಡು ಊರಿನ ಹೆಸರು ಹೇಳಿ ನಿಲ್ಲಿಸುತ್ತಾರೆ. ಕೃತಜ್ಞತೆಗೆ ಮೊದಲು ಮಾಹಿತಿ ಬೇಕು. ಅವರು ಭರ್ತಿಯಾದ ವರ್ಷ, ರೆಜಿಮೆಂಟ್, ತರಬೇತಿ ಕೇಂದ್ರ, ನೇಮಕವಾದ ಜಾಗಗಳು, ಬಡ್ತಿಗಳು, ಪದಕಗಳು ಇವನ್ನು ಕ್ರಮವಾಗಿ ಬರೆದುಕೊಳ್ಳಿ. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿರುವ ಮದ್ರಾಸ್ ರೆಜಿಮೆಂಟ್ ಕೇಂದ್ರ ಇವುಗಳ ಮೂಲಕ ಸೇನೆ ಸೇರಿದ ಕನ್ನಡಿಗರು ಅನೇಕರು.

ಪ್ರಶ್ನೆಗಳು ದಿನನಿತ್ಯದ ಬದುಕಿನಿಂದ ಆರಂಭವಾಗಲಿ. ತರಬೇತಿಯ ಮೊದಲ ವಾರ ಹೇಗಿತ್ತು, ಹಿಂದಿ ಕಲಿತದ್ದು ಯಾರಿಂದ, ಚಳಿಯ ಪ್ರದೇಶದಲ್ಲಿ ಊಟ ಏನಿರುತ್ತಿತ್ತು, ಊರಿನಿಂದ ಕಾಗದ ಬರಲು ಎಷ್ಟು ದಿನ ಹಿಡಿಯುತ್ತಿತ್ತು, ಜೊತೆಗಿದ್ದವರಲ್ಲಿ ಈಗಲೂ ಫೋನ್ ಮಾಡುವವರು ಯಾರು ಎಂದೆಲ್ಲ ಕೇಳಬಹುದು. ಇದೇ ಅವಧಿಯಲ್ಲಿ ಮನೆಯಲ್ಲಿ ಏನಾಗುತ್ತಿತ್ತೆಂದು ಅಮ್ಮನನ್ನೂ ಬೇರೆಯಾಗಿ ಕೇಳಿ, ಅದೇ ಪುಸ್ತಕದ ಎದುರು ಪುಟದಲ್ಲಿ ಬರೆಯಿರಿ. ಅಪ್ಪ ಸಿಯಾಚಿನ್‌ನಲ್ಲಿದ್ದ ಚಳಿಗಾಲದಲ್ಲಿ ಅಮ್ಮ ಯಾರ ಹೆರಿಗೆಗೆ ಆಸ್ಪತ್ರೆಯಲ್ಲಿದ್ದಳೆಂಬುದು ಎದುರುಬದುರು ಪುಟಗಳಲ್ಲಿ ಕಂಡಾಗ ಮಕ್ಕಳಿಗೆ ತಿಳಿಯುವುದನ್ನು ಯಾವ ಭಾಷಣವೂ ತಿಳಿಸಲಾರದು.

ಎಚ್ಚರಿಕೆಗಳು ಇಲ್ಲಿ ಮೂರಿವೆ. ‘ಎಷ್ಟು ಜನರನ್ನು ಹೊಡೆದಿರಿ?’ ಎಂಬ ಪ್ರಶ್ನೆಯನ್ನು ಯಾವತ್ತೂ ಕೇಳಬೇಡಿ, ಮಕ್ಕಳು ಕೇಳಿದರೆ ಮಾತು ತಿರುಗಿಸಿ. ಅವರು ನಡುವೆ ಮೌನವಾದರೆ ಬಲವಂತ ಮಾಡದೆ ಧ್ವನಿಮುದ್ರಣ ನಿಲ್ಲಿಸಿ. ಇನ್ನು, ಸಂಗ್ರಹಿಸಿದ್ದನ್ನು ಜಾಲತಾಣಕ್ಕೆ ಹಾಕುವ ಮುನ್ನ ಅವರ ಒಪ್ಪಿಗೆ ಪಡೆಯಿರಿ. ಈಗಲೂ ಬಳಕೆಯಲ್ಲಿರುವ ಠಾಣೆ, ಶಸ್ತ್ರಾಸ್ತ್ರ, ಸಂಚಾರದ ವಿವರಗಳು ಸಾರ್ವಜನಿಕವಾಗಬಾರದು.

ಹಂತ 5: ಕಾಗದಪತ್ರಗಳನ್ನು ಸರಿಪಡಿಸಿ

ಈ ಹಂತ ನೀರಸವೆನಿಸಬಹುದು. ನನ್ನ ಅಭಿಪ್ರಾಯದಲ್ಲಿ ಮಕ್ಕಳು ಸಲ್ಲಿಸಬಹುದಾದ ಕೃತಜ್ಞತೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಾಳುವುದು ಇದೇ. ಏಕೆಂದರೆ ಇದರಲ್ಲಿನ ಲೋಪದ ಪರಿಣಾಮ ಬಹುಮಟ್ಟಿಗೆ ಬೀಳುವುದು ತಾಯಿಯ ಮೇಲೆ, ಅದೂ ತಂದೆ ತೀರಿಕೊಂಡ ನಂತರ.

ಮೊದಲು ಫೈಲಿನಲ್ಲಿ ಇವುಗಳ ಪ್ರತಿಗಳನ್ನು ಇರಿಸಿ: ಸೇವೆಯ ಪೂರ್ಣ ವಿವರವಿರುವ ಡಿಸ್ಚಾರ್ಜ್ ಬುಕ್; ಪಿಪಿಒ, ಅಂದರೆ ಪಿಂಚಣಿ ಪಾವತಿ ಆದೇಶ; ಮಾಜಿ ಸೈನಿಕರ ಗುರುತಿನ ಚೀಟಿ; ಇಸಿಎಚ್‌ಎಸ್ ಕಾರ್ಡ್; ಇಬ್ಬರ ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್. ಇಸಿಎಚ್‌ಎಸ್ ಎಂದರೆ 2003ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ, ಮಾಜಿ ಸೈನಿಕರ ಹಾಗೂ ಅವರ ಅವಲಂಬಿತರ ವೈದ್ಯಕೀಯ ಯೋಜನೆ. ಇದರಲ್ಲಿ ಮೊದಲು ಯೋಜನೆಯ ಪಾಲಿಕ್ಲಿನಿಕ್‌ಗೆ ಹೋಗಿ, ಅಲ್ಲಿಂದ ಶಿಫಾರಸು ಪಡೆದು ನೋಂದಾಯಿತ ಆಸ್ಪತ್ರೆಗೆ ಹೋಗುವುದು ಸಾಮಾನ್ಯ ಕ್ರಮ. ತುರ್ತು ಸಂದರ್ಭದಲ್ಲಿ ನೇರವಾಗಿ ದಾಖಲಾಗಬಹುದು, ಆದರೆ ದಾಖಲಾಗುವಾಗಲೇ ಕಾರ್ಡ್ ತೋರಿಸಬೇಕು. ಕಾರ್ಡ್ ಎಲ್ಲಿದೆಯೆಂದು ಅಪ್ಪನೊಬ್ಬರಿಗೇ ಗೊತ್ತಿರುವ ಮನೆಗಳು ಬಹಳ.

ನಂತರ ಹೆಸರುಗಳನ್ನು ಹೋಲಿಸಿ. ನಮ್ಮಲ್ಲಿ ತೊಡಕು ಹುಟ್ಟುವುದು ಇಲ್ಲಿ. ಡಿಸ್ಚಾರ್ಜ್ ಬುಕ್ಕಿನಲ್ಲಿ ಹೆಂಡತಿಯ ಹೆಸರು ಒಂದು ರೀತಿ, ಆಧಾರ್‌ನಲ್ಲಿ ಇನಿಷಿಯಲ್ ಸಹಿತ ಇನ್ನೊಂದು ರೀತಿ, ಪಾಸ್‌ಬುಕ್ಕಿನಲ್ಲಿ ‘ಅವ್ವ’ ‘ಅಮ್ಮ’ ಸೇರಿ ಮತ್ತೊಂದು ರೀತಿ ಇರುತ್ತದೆ. ಹುಟ್ಟಿದ ದಿನಾಂಕವೂ ಹಾಗೆಯೇ. ಗಂಡ ಬದುಕಿದ್ದಾಗ ಈ ತಿದ್ದುಪಡಿಗೆ ಅವರ ಸಹಿಯೂ ಹೇಳಿಕೆಯೂ ಇರುತ್ತವೆ. ಅವರು ಹೋದ ಮೇಲೆ ಕುಟುಂಬ ಪಿಂಚಣಿಗಾಗಿ ಆಕೆ ತಾನೇ ಅವರ ಹೆಂಡತಿಯೆಂದು ಕಚೇರಿಗಳಲ್ಲಿ ಸಾಬೀತುಪಡಿಸಬೇಕಾಗುತ್ತದೆ. ತಿದ್ದುಪಡಿಯ ಅರ್ಜಿ ಸಂಬಂಧಪಟ್ಟ ರೆಕಾರ್ಡ್ ಆಫೀಸಿಗೆ, ಅಂದರೆ ಆಯಾ ರೆಜಿಮೆಂಟಿನ ದಾಖಲೆಗಳನ್ನಿಡುವ ಕಚೇರಿಗೆ ಹೋಗಬೇಕು. ಅರ್ಜಿ ಬರೆಯಲು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಮಟ್ಟದ ಕಚೇರಿಯಲ್ಲಿ ಸಹಾಯ ಕೇಳಬಹುದು. ದುಡಿಯಲಾರದಷ್ಟು ಅಂಗವಿಕಲತೆಯಿರುವ ಮಗನೋ ಮಗಳೋ ಮನೆಯಲ್ಲಿದ್ದರೆ, ಅವರಿಗೆ ಮುಂದೆ ಜೀವನಪರ್ಯಂತ ಕುಟುಂಬ ಪಿಂಚಣಿ ದೊರೆಯುವ ಅವಕಾಶವಿರುವುದರಿಂದ ಅವರ ಹೆಸರನ್ನು ದಾಖಲಿಸುವ ಕೆಲಸವನ್ನೂ ಈಗಲೇ ಮಾಡಿ.

ಪಿಂಚಣಿ ಈಗ ಸ್ಪರ್ಶ್ ಎಂಬ ರಕ್ಷಣಾ ಪಿಂಚಣಿ ಜಾಲತಾಣದ ಮೂಲಕ ಪಾವತಿಯಾಗುತ್ತದೆ. ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಸಲ್ಲಿಸಲೇಬೇಕು. ಸಾಮಾನ್ಯವಾಗಿ ನವೆಂಬರ್‌ನಲ್ಲಿ ಇದರ ನೂಕುನುಗ್ಗಲು. ಜೀವನ್ ಪ್ರಮಾಣ್ ವ್ಯವಸ್ಥೆಯಲ್ಲಿ ಮೊಬೈಲ್ ಮುಂದೆ ಮುಖ ತೋರಿಸಿಯೇ ಇದನ್ನು ಮುಗಿಸಬಹುದಾದ್ದರಿಂದ, ಹಿರಿಯರನ್ನು ಸರತಿಯಲ್ಲಿ ನಿಲ್ಲಿಸುವ ಅಗತ್ಯವಿಲ್ಲ. ಮುಂದಿನ ಗಡುವನ್ನು ಸ್ಪರ್ಶ್ ಖಾತೆಯಲ್ಲೇ ನೋಡಿ ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ಎಚ್ಚರಿಕೆ: ಪಿಂಚಣಿ ನಿಂತುಹೋಗುತ್ತದೆಂದು ಹೆದರಿಸಿ ಒಟಿಪಿ ಕೇಳುವ ಕರೆಗಳು ಬರುತ್ತವೆ. ಯಾವ ಕಚೇರಿಯೂ ಫೋನಿನಲ್ಲಿ ಒಟಿಪಿ ಕೇಳುವುದಿಲ್ಲ, ಇದನ್ನು ಇಬ್ಬರಿಗೂ ಹೇಳಿಡಿ. ಈ ಎಲ್ಲ ಕೆಲಸವನ್ನು ನೀವೊಬ್ಬರೇ ಮಾಡಿ ಮುಗಿಸುವುದೂ ಸರಿಯಲ್ಲ. ಅಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡು ಮಾಡಿ, ಯಾವ ಕಾಗದ ಯಾವುದಕ್ಕೆಂದು ಆಕೆಗೆ ತಿಳಿದಿರಲಿ. ಓದು ಬಾರದಿದ್ದರೆ ಬಣ್ಣದ ಚೀಟಿ ಅಂಟಿಸಿ ಗುರುತು ಮಾಡಿಕೊಡಿ.

ಹಂತ 6: ಮನೆಯಾಚೆಯ ಮಾಜಿ ಸೈನಿಕರು

ನಿಮ್ಮ ಮನೆಯಲ್ಲಿ ಸೈನಿಕರು ಇಲ್ಲದಿದ್ದರೂ ಬೀದಿಯಲ್ಲಿ ಇದ್ದೇ ಇರುತ್ತಾರೆ. ಬ್ಯಾಂಕಿನ ಬಾಗಿಲಲ್ಲಿ ನಿಲ್ಲುವವರು, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೂರುವವರು ಅನೇಕ ವೇಳೆ ಮಾಜಿ ಸೈನಿಕರು. ‘ಏ ಸೆಕ್ಯೂರಿಟಿ’ ಎಂದು ಕರೆಯದೆ, ಹೆಸರೂ ರ್‍ಯಾಂಕೂ ಕೇಳಿ ತಿಳಿದುಕೊಂಡು ‘ಹವಾಲ್ದಾರ್ ಸಾಹೇಬ್ರೇ’ ಎಂದೋ ‘ಸುಬೇದಾರ್ ಸರ್’ ಎಂದೋ ಮಾತಾಡಿಸಿ. ‘ಕ್ಯಾಂಟೀನಿನಿಂದ ಒಂದು ಬಾಟಲ್ ಸಿಗುತ್ತದೆಯೇ?’ ಎಂದು ಕೇಳುವವರ ಸಂಖ್ಯೆ ನಮ್ಮಲ್ಲಿ ಸಣ್ಣದಲ್ಲ. ಸೇನಾ ಕ್ಯಾಂಟೀನಿನ ಆ ಮದ್ಯದ ಕೋಟಾ ಅವರ ಸ್ವಂತ ಬಳಕೆಗೆ ಇರುವಂಥದ್ದು. ಕೊಟ್ಟರೆ ಕಾರ್ಡಿಗೆ ಕುತ್ತು, ಕೊಡದಿದ್ದರೆ ಸ್ನೇಹಕ್ಕೆ ಕುತ್ತು ಎಂಬ ಇಕ್ಕಟ್ಟಿಗೆ ಅವರನ್ನು ತಳ್ಳಬೇಡಿ.

ಸನ್ಮಾನ ಏರ್ಪಡಿಸುವುದಾದರೆ ಆಗಸ್ಟ್ 15ಕ್ಕಾಗಿ ಕಾಯಬೇಕಿಲ್ಲ. ಜನವರಿ 14 ಸಶಸ್ತ್ರ ಪಡೆಗಳ ಮಾಜಿ ಯೋಧರ ದಿನ. ಕೊಡಗಿನವರಾದ ಕೆ.ಎಂ. ಕಾರ್ಯಪ್ಪನವರು 1953ರಲ್ಲಿ ಸೇನೆಯಿಂದ ನಿವೃತ್ತರಾದ ದಿನವದು. ಅವರು 1949ರಲ್ಲಿ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಜನವರಿ 15ನ್ನು ಸೇನಾ ದಿನವಾಗಿ ಆಚರಿಸುತ್ತೇವೆ. ಮಕ್ಕಳನ್ನು ಕರೆದುಕೊಂಡು ಹೋಗಲು ಮಡಿಕೇರಿಯಲ್ಲಿ ಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಇದೆ, ಅದು 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಬೆಂಗಳೂರಿನವರಿಗೆ ನೆಹರೂ ತಾರಾಲಯದ ಸಮೀಪವೇ ರಾಷ್ಟ್ರೀಯ ಸೈನಿಕ ಸ್ಮಾರಕವಿದೆ. ಕಾರ್ಯಕ್ರಮದಲ್ಲಿ ಮುಖ್ಯ ಅತಿಥಿಯ ಭಾಷಣವನ್ನು ಮೊಟಕುಗೊಳಿಸಿ, ಮಾಜಿ ಸೈನಿಕರಿಗೆ ಹತ್ತು ನಿಮಿಷ ಮೈಕ್ ಕೊಡಿ. ಅವರ ಪತ್ನಿಗೆ ವೇದಿಕೆಯ ಮೇಲೆ ಪಕ್ಕದಲ್ಲೇ ಕುರ್ಚಿ ಹಾಕಿಸಿ.

ವೀರ ನಾರಿಯರ, ಅಂದರೆ ಕರ್ತವ್ಯದಲ್ಲಿ ಮಡಿದ ಯೋಧರ ಪತ್ನಿಯರ ವಿಷಯದಲ್ಲಿ ಒಂದು ಮಾತನ್ನು ಕಟುವಾಗಿಯೇ ಹೇಳಬೇಕಾಗಿದೆ. ವೇದಿಕೆಯ ಮೇಲೆ ಕರೆದು ಶಾಲು ಹೊದಿಸಿ ಕಣ್ಣೀರು ಹಾಕಿಸಿದ ಊರೇ, ಮರುತಿಂಗಳ ಗೃಹಪ್ರವೇಶದಲ್ಲಿ ಅರಿಶಿನ ಕುಂಕುಮ ಕೊಡುವಾಗ ಆಕೆಯನ್ನು ದಾಟಿ ಮುಂದೆ ಹೋಗುತ್ತದೆ. ನಿಮ್ಮ ಮನೆಯ ಶುಭಕಾರ್ಯಕ್ಕೆ ಆಕೆಯನ್ನು ಮೊದಲ ಸಾಲಿನಲ್ಲಿ ಕೂರಿಸುವ ಧೈರ್ಯವಿಲ್ಲದಿದ್ದರೆ ಶಾಲಿನ ಖರ್ಚನ್ನೂ ಉಳಿಸಿಕೊಳ್ಳಬಹುದು.

ಹಣದ ನೆರವು ನೀಡುವವರಿಗೆ ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿ ನೇರ ದಾರಿ. 1949ರಿಂದ ಪ್ರತಿ ಡಿಸೆಂಬರ್ 7ರಂದು ಕೆಂಪು, ಕಡುನೀಲಿ, ತಿಳಿನೀಲಿ ಬಣ್ಣಗಳ ಪುಟ್ಟ ಧ್ವಜ ಹಂಚಿ ದೇಣಿಗೆ ಸಂಗ್ರಹಿಸುವ ಪದ್ಧತಿಯಿದೆ. ಕೇಂದ್ರೀಯ ಸೈನಿಕ ಮಂಡಳಿಯ ಜಾಲತಾಣದಲ್ಲಿ ಯಾವ ದಿನವಾದರೂ ಕೊಡಬಹುದು. ಆದಾಯ ತೆರಿಗೆಯಲ್ಲಿ ವಿನಾಯಿತಿ ಕೋರುವುದಾದರೆ ರಸೀದಿ ಇಟ್ಟುಕೊಳ್ಳಿ. ಪಿಂಚಣಿಯಿಲ್ಲದ, 65 ವರ್ಷ ದಾಟಿದ, ಹವಾಲ್ದಾರ್ ಅಥವಾ ಅದಕ್ಕಿಂತ ಕೆಳಗಿನ ದರ್ಜೆಯ ಮಾಜಿ ಸೈನಿಕರಿಗೆ ಈ ಮಂಡಳಿಯಿಂದ ಮಾಸಿಕ ನೆರವು ದೊರೆಯುತ್ತದೆ. ನಿಮ್ಮೂರಿನಲ್ಲಿ ಅಂಥವರಿದ್ದರೆ ಅರ್ಜಿ ತುಂಬಿಸಿಕೊಡುವುದು ನೂರು ರೂಪಾಯಿಯ ದೇಣಿಗೆಗಿಂತ ಹೆಚ್ಚಿನ ಕೆಲಸ.

ಹಂತ 7: ಇದು ಸಾಲದಿರುವಾಗ

ಕೃತಜ್ಞತೆಯ ಹೆಸರಿನಲ್ಲಿ ಸಹಿಸಬಾರದ ಸಂಗತಿಗಳೂ ಇವೆ. ನಿವೃತ್ತರಾದವರು ರಾತ್ರಿ ಬೆಚ್ಚಿಬಿದ್ದು ಏಳುವುದು, ವಾರಗಟ್ಟಲೆ ಯಾರೊಡನೆಯೂ ಮಾತಾಡದಿರುವುದು, ಕುಡಿತ ಹೆಚ್ಚುವುದು, ಕೈಯೆತ್ತುವುದು ಕಂಡುಬಂದರೆ ‘ದೇಶಕ್ಕಾಗಿ ದುಡಿದವರು, ಹೊಂದಿಕೊಂಡು ಹೋಗೋಣ’ ಎಂದು ಅಮ್ಮನಿಗೆ ಬುದ್ಧಿ ಹೇಳಬೇಡಿ. ಅವರ ನೋವಿಗೆ ಚಿಕಿತ್ಸೆಯಿದೆ. ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನ ವೈದ್ಯರಿಂದ ಮನೋವೈದ್ಯರಿಗೆ ಶಿಫಾರಸು ಪಡೆಯಬಹುದು. 2022ರಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮೇಲ್ವಿಚಾರಣೆಯಿರುವ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿದ್ದು, ಕನ್ನಡದಲ್ಲೂ ಮಾತಾಡಬಹುದು. ಮೊದಲ ಕರೆಯನ್ನು ಅವರೇ ಮಾಡಬೇಕೆಂದಿಲ್ಲ. ಹೇಗೆ ನಡೆದುಕೊಳ್ಳಬೇಕೆಂದು ಕೇಳಲು ಮನೆಯವರು ಕರೆ ಮಾಡಬಹುದು. ಮನೆಯಲ್ಲಿರುವವರ ಸುರಕ್ಷತೆಗೇ ಅಪಾಯವೆನಿಸಿದರೆ 112ಕ್ಕೆ ಕರೆಮಾಡಿ.